ಹಿಂದೆ ಸರಿಯದ ಬೆಟ್ಟ

ಅಣ್ಣ ನಲವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದವನು. ಮೊದಲು ಫ್ಲೆಕ್ಸುಗಳು ಬಂದು ಅವನ ಕೆಲಸ ಕಿತ್ತುಕೊಂಡವು, ಆಮೇಲೆ ಕೈನಡುಕ ಬಂದು ಕುಂಚವನ್ನೂ ಕಿತ್ತುಕೊಂಡಿತು. ದಿನವಿಡೀ ಮೂಕನಂತೆ ಕೂರುವ ಗಂಡನನ್ನು ನೋಡಲಾರದೆ ಅತ್ತಿಗೆ ಒಂದು ದಿನ ನಾದಿನಿಯ ಕೈ ಹಿಡಿದುಕೊಂಡಳು.

"ಸ್ಕೂಲಲ್ಲಿ ಅಷ್ಟು ಮಕ್ಕಳಿಗೆ ಹೇಳಿಕೊಡ್ತೀಯ. ಇವರಿಗೂ ಏನಾದ್ರೂ ಹೇಳಿಕೊಡಮ್ಮ."

ಡ್ರಾಯಿಂಗ್ ಟೀಚರಾಗಿದ್ದ ತಂಗಿ ಭಾನುವಾರ ಆಯಿಲ್ ಪೇಸ್ಟಲ್ ಡಬ್ಬಿಯೊಂದಿಗೆ ಬಂದಳು. ದಪ್ಪನೆಯ ಬಣ್ಣದ ಕಡ್ಡಿಗಳು, ಮುಷ್ಟಿಯಲ್ಲಿ ಹಿಡಿದರೂ ನಡೆಯುತ್ತದೆ. ಕಿಟಕಿಯಾಚೆ ರಸ್ತೆ, ಅದರ ತುದಿಯಲ್ಲಿ ನೀರಿನ ಟ್ಯಾಂಕು, ಅದರ ಹಿಂದೆ ಬೆಟ್ಟ.

"ಹತ್ತಿರದ್ದನ್ನ ಒತ್ತಿ ಹಚ್ಚು. ದೂರ ಹೋದ ಹಾಗೆ ಕೈ ಹಗುರ ಮಾಡು. ಬೆಟ್ಟಕ್ಕೆ ತೆಳು ನೀಲಿ, ಮೇಲೆ ಸ್ವಲ್ಪ ಬಿಳಿ ಉಜ್ಜಿ ಅಂಚನ್ನ ಬೆರಳಲ್ಲಿ ಸವರಿಬಿಡು. ತಾನಾಗೇ ಹಿಂದೆ ಸರಿಯುತ್ತೆ."

ಅಣ್ಣ ಬೆಟ್ಟಕ್ಕೆ ಕಡುಹಸಿರು ಮೆತ್ತಿ ಸುತ್ತ ಕಪ್ಪು ಗೆರೆ ಎಳೆದ.

"ಅಯ್ಯೋ, ಬೆಟ್ಟ ಬಂದು ಮೂಗಿಗೆ ಬಡೀತಿದೆ!"

"ದೂರದಿಂದ ಕಾಣ್ಬೇಕಲ್ವೇನೇ ಪುಟ್ಟಿ? ಮಸುಕು ಮಸುಕಾಗಿ ಬರೆದಿದ್ರೆ ಯಾವ ಅಂಗಡಿಯವನು ನನ್ನ ಕರೀತಿದ್ದ?"

ಇಬ್ಬರೂ ನಕ್ಕರು. ಒಳಗೆ ಪಾತ್ರೆ ತೊಳೆಯುತ್ತಿದ್ದ ಅತ್ತಿಗೆ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು.

ಐದು ಭಾನುವಾರ ಹೀಗೇ ಕಳೆದವು. ಬೆಟ್ಟ ಮಾತ್ರ ಒಂದಿಂಚೂ ಹಿಂದೆ ಹೋಗಲಿಲ್ಲ. ಆರನೆಯ ವಾರ ತಂಗಿಗೆ ತಾಳ್ಮೆ ತಪ್ಪಿತು. "ಎಷ್ಟು ಹಟ ಅಣ್ಣ ನಿಂದು! ಹಗುರ ಅಂದ್ರೆ ಹಗುರ. ಮೂರನೇ ಕ್ಲಾಸಿನ ಮಕ್ಕಳು ಮಾಡ್ತಾರೆ."

ಅಣ್ಣ ತಲೆ ಎತ್ತಲಿಲ್ಲ. "ಒತ್ತಿದ್ರೆ ಮಾತ್ರ ಕೈ ನಿಲ್ಲುತ್ತೆ ಕಣೇ. ಹಗುರ ಬಿಟ್ರೆ ನನ್ನ ಮಾತು ಕೇಳಲ್ಲ."

ತಂಗಿಗೆ ಕೆನ್ನೆಗೆ ಹೊಡೆದಂತಾಯಿತು. ಇಷ್ಟು ವಾರ ಪಕ್ಕದಲ್ಲೇ ಕೂತು ತಾನು ನೋಡಿದ್ದೇನು? "ನಡುಗಿದ್ರೆ ನಡುಗಲಿ ಬಿಡು," ಎಂದಳು, ದನಿ ತಗ್ಗಿಸಿ. ಅವಳ ಮಾತಿಗೆ ಕಟ್ಟುಬಿದ್ದು ಅವನು ನೀಲಿ ಕಡ್ಡಿಯನ್ನು ಹಗುರವಾಗಿ ಹಿಡಿದ. ಅದು ಕಾಗದದ ಮೇಲೆ ಕುಣಿದು, ಆಕಾಶಕ್ಕೆಲ್ಲ ಗೀರೆಳೆದು, ಕೈಯಿಂದ ಜಾರಿ ಮಂಚದಡಿ ಉರುಳಿತು. ತಂಗಿ ಬಗ್ಗಿ ಹುಡುಕುವಷ್ಟರಲ್ಲಿ ಅವನು ಡಬ್ಬಿಯ ಮುಚ್ಚಳ ಹಾಕಿಯಾಗಿತ್ತು.

"ಸ್ಕೂಲಿಗೆ ತಗೊಂಡು ಹೋಗು. ಮಕ್ಕಳಿಗಾಗುತ್ತೆ."

ಮುಂದಿನ ಭಾನುವಾರ ಅವಳು ಬರಿಗೈಯಲ್ಲಿ ಬಂದಳು. ಅಣ್ಣ ಕಣ್ಣು ಮುಚ್ಚಿ ಮಲಗಿದ್ದ, ರೆಪ್ಪೆಗಳು ಅದುರುತ್ತಿದ್ದವು. "ಈಗಿನ್ನೂ ಎಚ್ಚರವಾಗೇ ಇದ್ರು," ಎಂದು ಅತ್ತಿಗೆ ಪಿಸುಗುಟ್ಟಿದಳು. ತಂಗಿ ಎಬ್ಬಿಸಲಿಲ್ಲ. ಚಹಾ ಕುಡಿದು, ಲೋಟ ತೊಳೆದಿಟ್ಟು, ಬಸ್ ಸ್ಟಾಪಿನತ್ತ ನಡೆದಳು.