ಮಂತ್ರವಾದಿಯ ಕಿತ್ತಳೆ ಬಣ್ಣ

ನನ್ನ ಗಂಡ ಅಜ್ಮತ್‌ಗೆ ಐವತ್ತಾರನೇ ವಯಸ್ಸಿನಲ್ಲಿ ಮತ್ತೆ ಬೊಂಬೆಯ ಹುಚ್ಚು ಹಿಡಿಯಿತು. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ಇವರಿಗೆ ಸ್ವಲ್ಪ ಮುಂಚೆಯೇ ಬಂದಿದೆ ಎಂದು ಮನೆಗೆ ಬಂದವರಿಗೆಲ್ಲ ನಾನು ಹೇಳುತ್ತಿದ್ದೆ. ಹುಡುಗರಾಗಿದ್ದಾಗ, ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಚಿಕ್ಕಪ್ಪ ಇಂಗ್ಲೆಂಡಿನಿಂದ ಸೀಸದ ಪುಟ್ಟ ಬೊಂಬೆಗಳನ್ನು ತಂದುಕೊಡುತ್ತಿದ್ದರಂತೆ. ರಾಕ್ಷಸ, ಕುಳ್ಳ, ಮಂತ್ರವಾದಿ, ರೆಕ್ಕೆಯ ಹಾವು. ಯಾವುದೂ ಹೆಬ್ಬೆರಳಿಗಿಂತ ಎತ್ತರವಿಲ್ಲ. ಅವಕ್ಕೆ ಬಣ್ಣ ಹಚ್ಚುವುದೇ ಆಟ. ಆಮೇಲೆ ರಸೆಲ್ ಮಾರುಕಟ್ಟೆ ಹತ್ತಿರದ ಟ್ರಂಕಿನ ಅಂಗಡಿ, ಮದುವೆ, ಮಕ್ಕಳು ಅಂತ ಎಲ್ಲ ಮರೆತಿದ್ದರು. ಫ್ರೇಜರ್ ಟೌನಿನ ಈ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಒಂದು ಬಿಸ್ಕತ್ ಡಬ್ಬಿ ಇಳಿಯಿತು, ಅದರೊಳಗೆ ಆ ಸೈನ್ಯವೆಲ್ಲ ಮಲಗಿತ್ತು. ಅಂದಿನಿಂದ ನಮ್ಮ ಊಟದ ಮೇಜು ನಮ್ಮದಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಅವರ ಕೈ ಒಳ್ಳೆಯದು. ಸಾಸಿವೆಗಿಂತ ಸಣ್ಣ ಕಣ್ಣಿಗೆ ಬಿಳಿ ಹಚ್ಚಿ, ನಡುವೆ ಕಪ್ಪು ಚುಕ್ಕೆ ಇಡುವಾಗ ಉಸಿರು ಬಿಗಿಹಿಡಿದು ಕೂರುತ್ತಾರೆ. ಮದುವೆಯಾಗಿ ಇಷ್ಟು ವರ್ಷವಾಯಿತು, ನನ್ನ ಮುಖವನ್ನು ಒಮ್ಮೆಯೂ ಅಷ್ಟು ನಿಗಾ ಕೊಟ್ಟು ನೋಡಿಲ್ಲ. ವಾಟ್ಸಾಪಿನಲ್ಲಿ ಇಂಥ ಹುಚ್ಚರದ್ದೇ ಒಂದು ಗ್ರೂಪು. ಅಲ್ಲಿ ಹೊಗಳಿಸಿಕೊಂಡು ಹೊಗಳಿಸಿಕೊಂಡು ತಲೆ ಸ್ವಲ್ಪ ತಿರುಗಿತ್ತು.

ಈ ಜನಕ್ಕೆ ಒಂದು ಪದ್ಧತಿಯಿದೆ. ಯಾರದೋ ಹಳೇ ಬೊಂಬೆ ಕೈಗೆ ಬಂದರೆ ಮೊದಲು ಅದನ್ನು ಡೆಟಾಲಿನಲ್ಲಿ ಮುಳುಗಿಸಿಡುತ್ತಾರೆ. ಹಿಂದಿನವರು ಹಚ್ಚಿದ ಬಣ್ಣ ಅಂಟಂಟಾಗಿ ಸಡಿಲವಾಗುತ್ತದೆ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒರೆಸಿದರೆ ಸೀಸದ ಬೂದು ಮೈ ಹೊರಬರುತ್ತದೆ. ಆಮೇಲೆಯೇ ಮುಂದಿನ ಕೆಲಸ. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ವುಜೂ ಮಾಡುವ ಹಾಗೆ, ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ಮನೆಯೆಲ್ಲ ನರ್ಸಿಂಗ್ ಹೋಮಿನ ವಾಸನೆ ಹೊಡೆಯುತ್ತದೆ ಎಂದು ನಾನು ಕೂಗಾಡಿದರೆ ಕಿಟಕಿ ತೆರೆದು ಸುಮ್ಮನಾಗುತ್ತಿದ್ದರು.

ಆ ಶನಿವಾರ ಸಿ.ವಿ. ರಾಮನ್ ನಗರದಿಂದ ಹಂಸ ಎನ್ನುವ ಹೆಂಗಸು ಬಂದಳು. ಮೂವತ್ತೈದರ ಆಸುಪಾಸು. ಕರ್ಚೀಫಿನಲ್ಲಿ ಸುತ್ತಿದ್ದ ಒಂದೇ ಒಂದು ಬೊಂಬೆಯನ್ನು ಮೇಜಿನ ಮೇಲಿಟ್ಟಳು. ಗಡ್ಡದ ಮಂತ್ರವಾದಿ, ಕೋಲು ಹಿಡಿದ ಕೈ ಮುರಿದು ಬೇರೆಯಾಗಿತ್ತು. ಮೈಮೇಲೆ ಕಿತ್ತಳೆ ಬಣ್ಣ ದಪ್ಪ ದಪ್ಪಗೆ ಮೆತ್ತಿಕೊಂಡಿತ್ತು, ಒಂದು ಕಣ್ಣು ಮೇಲೆ, ಇನ್ನೊಂದು ಕೆನ್ನೆಯ ಹತ್ತಿರ.

"ನಮ್ಮನೆಯವರು ನಿಮ್ಮ ಬಗ್ಗೆ ತುಂಬಾ ಹೇಳ್ತಿದ್ರು ಅಂಕಲ್. ಫ್ರೇಜರ್ ಟೌನಲ್ಲಿ ಅಜ್ಮತ್ ಅಂತ ಇದಾರೆ, ಅವರ ಥರ ಕೆಲಸ ಯಾರೂ ಮಾಡಲ್ಲ ಅಂತ."

ಇವರು ಉಬ್ಬಿಹೋದರು. "ಬಿಟ್ಟು ಹೋಗಮ್ಮಾ. ಹೊಸದರ ಥರ ಮಾಡ್ಕೊಡ್ತೀನಿ."

"ಹೊಸದೇನೂ ಬೇಡ ಅಂಕಲ್. ಕೈ ಅಂಟಿಸಿದ್ರೆ ಸಾಕು."

ಕೆಳಗೆ ಆಟೋ ಹಾರ್ನ್ ಹೊಡೆಯುತ್ತಿತ್ತು. ನನ್ನ ನಂಬರು ತೆಗೆದುಕೊಂಡು ಹೊರಟಳು. ಆ ಕೊನೆಯ ಮಾತು ನನ್ನ ಗಂಡನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅಷ್ಟು ಕೆಟ್ಟ ಬಣ್ಣವನ್ನು ಹಾಗೇ ಬಿಟ್ಟು ಕೊಡುವುದು ಅವರ ಮರ್ಯಾದೆಗೆ ಕಡಿಮೆ. ಫೋಟೋ ತೆಗೆದುಕೊಂಡು, ಮಂತ್ರವಾದಿಯನ್ನು ಡೆಟಾಲಿಗೆ ಇಳಿಸಿದರು.

ಸೋಮವಾರ ಬೆಳಗ್ಗೆ ನಾನು ಸೊಪ್ಪು ಬಿಡಿಸುತ್ತಿದ್ದಾಗ ಹಂಸಳ ಫೋನು ಬಂತು. ಮಂತ್ರವಾದಿ ಅಷ್ಟರಲ್ಲಿ ಬೋಳು ಸೀಸವಾಗಿ, ಪೇಪರಿನ ಮೇಲೆ ಒಣಗುತ್ತಾ ನನ್ನೆದುರಿಗೇ ನಿಂತಿದ್ದ.

"ಆಂಟಿ, ಬೊಂಬೆ ಹೇಗಿದೆ? ಮಗಳು ಕೇಳ್ತಾನೇ ಇದಾಳೆ."

"ನಿನ್ನ ಮಗಳದಾ ಅದು?"

"ಅವಳದೇ. ಕಾವೇರಿ ಅಂತ, ಒಂದನೇ ಕ್ಲಾಸು. ಅವರಪ್ಪ ಕೊನೇದಾಗಿ ಮಾಡಿದ್ದು ಅದೊಂದೇ ಆಂಟಿ. ಸ್ಟ್ರೋಕ್ ಆಗಿ ಬಲಗೈ ಬಿದ್ದೋಗಿತ್ತು. ಆಸ್ಪತ್ರೆ ಮಂಚದ ಮೇಲೆ ಕೂತ್ಕೊಂಡು ಎಡಗೈಯಲ್ಲೇ ಬಣ್ಣ ಹಚ್ಚಿದ್ರು. ಕಿತ್ತಳೆ ಬಣ್ಣ ಹಾಕಪ್ಪಾ ಅಂತ ಅವಳೇ ಹೇಳಿದ್ದು. ಈಗ ಬೆಳಗ್ಗೆ ಎದ್ದ ತಕ್ಷಣ ಅದನ್ನ ಮುಟ್ಬೇಕು ಅವಳಿಗೆ. ಮುಟ್ಟಿ ಮುಟ್ಟಿನೇ ಕೈ ಮುರೀತು." ಮತ್ತೆ ಕೇಳಿದಳು, "ಭದ್ರವಾಗಿದೆ ಅಲ್ವಾ ಆಂಟಿ?"

ಕೈಯಲ್ಲಿದ್ದ ಸೊಪ್ಪು ಎಲ್ಲಿ ಬಿತ್ತೋ ಗೊತ್ತಿಲ್ಲ. "ಭದ್ರವಾಗಿದೆಯಮ್ಮಾ" ಎಂದು ಯಾವಳೋ ಹೇಳಿದಳು, ಆ ಯಾವಳೋ ನಾನೇ. ಫೋನು ಇಟ್ಟ ಮೇಲೂ ಬಹಳ ಹೊತ್ತು ಕಣ್ಣು ಕೀಳಲಾಗದೆ ಆ ಬೂದು ಬೊಂಬೆಯನ್ನೇ ನೋಡುತ್ತಿದ್ದೆ. ಎಷ್ಟು ಚೊಕ್ಕಟವಾಗಿ ತಿಕ್ಕಿದ್ದರೆಂದರೆ, ಗಡ್ಡದ ಒಂದೊಂದು ಎಳೆಯೂ ಕಾಣುತ್ತಿತ್ತು. ಒಂದು ಚುಕ್ಕೆ ಕಿತ್ತಳೆ ಉಳಿದಿರಲಿಲ್ಲ.

ಇವರಿಗೆ ಹೇಳಿದೆ. ಹೇಳಿದೆ ಎನ್ನುವುದಕ್ಕಿಂತ ಅರಚಿದೆ. ಕುರ್ಚಿ ಪಕ್ಕದಲ್ಲೇ ಇದ್ದರೂ ಅಜ್ಮತ್ ನೆಲದ ಮೇಲೆ ಕುಸಿದು ಕೂತರು. ಆಮೇಲೆ ಮೊಬೈಲು ತೆಗೆದು ನನಗೆ ತೋರಿಸಿದರು. ಇನ್ನೂ ಏನು ಉಳಿದಿದೆ ಅಂದುಕೊಂಡರೆ, ಅಲ್ಲಿತ್ತು ನೋಡಿ. ಬಣ್ಣವಿದ್ದ ಮಂತ್ರವಾದಿ, ಬಣ್ಣ ತೆಗೆದ ಮಂತ್ರವಾದಿ, ಎರಡೂ ಫೋಟೋ ಹಿಂದಿನ ದಿನವೇ ಗ್ರೂಪಿಗೆ ಹೋಗಿದ್ದವು. ಕೆಳಗೆ ಇವರ ಒಕ್ಕಣೆ: 'ಈ ಮಹಾನುಭಾವ ಬ್ರಷ್ ಅಂದುಕೊಂಡು ಪೊರಕೆಯಲ್ಲಿ ಬಣ್ಣ ಬಳಿದಿದ್ದಾನೆ.' ಅದರ ಕೆಳಗೆ ಉದ್ದಕ್ಕೂ ನಗುವ ಮುಖಗಳು.

"ಯಾ ಅಲ್ಲಾ!" ಎಂದೆ. ಬೈಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ, ಆದರೆ ಆವತ್ತು ನನಗೆ ಒಂದು ಬೈಗುಳವೂ ಸಿಗಲಿಲ್ಲ. ಇವರು ಗ್ರೂಪಿಗೆ ಹಾಕಿದ್ದನ್ನೆಲ್ಲ ಅಳಿಸಿಹಾಕಿದರು. ಅಳಿಸುವುದು ಮಾತ್ರ ಇವರಿಗೆ ಬಹಳ ಚೆನ್ನಾಗಿ ಬರುತ್ತದೆ.

"ಈಗ್ಲೇ ಫೋನ್ ಮಾಡಿ ಹೇಳ್ಬಿಡಿ" ಎಂದೆ.

"ನಕ್ಕೋ ಸಾಬಿರಾ, ಬೇಡ. ಆ ಹುಡುಗಿ ಮಗಳಿಗೆ ಏನಂತ ಹೇಳ್ತಾಳೆ? ಫೋಟೋ ಇದೆ ನನ್ನ ಹತ್ರ. ಹೇಗಿತ್ತೋ ಹಾಗೇ ಮಾಡ್ಬಿಡ್ತೀನಿ."

ಅಂಗಡಿಗೆ ಹೋಗಲಿಲ್ಲ. ಮೊದಲು ಕೈ ಅಂಟಿಸಿದರು. ಆಮೇಲೆ ಫೋಟೋ ಎದುರಿಗಿಟ್ಟುಕೊಂಡು ಬಣ್ಣ ಹಚ್ಚಿದರು, ಅಳಿಸಿದರು, ಮತ್ತೆ ಹಚ್ಚಿದರು. ಇವರ ಬಲಗೈಗೆ ಕೆಟ್ಟದಾಗಿ ಮಾಡಲು ಬರುತ್ತಿರಲಿಲ್ಲ. ಬೇಕೆಂದೇ ಸೊಟ್ಟ ಎಳೆದ ಗೆರೆಯೂ ಅಂದವಾಗಿ ಸೊಟ್ಟಗಿರುತ್ತಿತ್ತು. ಕೊನೆಗೆ ಬ್ರಷ್ಷನ್ನು ಎಡಗೈಗೆ ತೆಗೆದುಕೊಂಡರು. ಆ ಕೈ ನಡುಗಿತು, ಬಣ್ಣ ಗುಡ್ಡೆಯಾಯಿತು, ಕಣ್ಣು ಕೆನ್ನೆಗೆ ಜಾರಿತು. ಮುಗಿದ ಮೇಲೆ ನನ್ನ ಮುಂದೆ ಹಿಡಿದರು. ಅದೇ ಮಂತ್ರವಾದಿ. ಸತ್ತವನ ಸಹಿಯನ್ನು ಯಾರೋ ಹಾಕಿಕೊಟ್ಟ ಹಾಗೆ. ನನಗೆ ಹೆದರಿಕೆಯಾಯಿತು. ಆದರೂ ಆ ಮಗು ಬೆಳಗ್ಗೆ ಎದ್ದು ಕೈಚಾಚುವುದನ್ನು ನೆನೆದು ನಾನೂ ಬಾಯಿಗೆ ಬೀಗ ಹಾಕಿಕೊಂಡೆ.

ಬುಧವಾರ ಮಧ್ಯಾಹ್ನ ಹಂಸ ಬಂದಳು. ಚಾ ಬೇಡವೆಂದಳು. ಬೊಂಬೆಯನ್ನು ಅಂಗೈಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ನಾವಿಬ್ಬರೂ ಪರೀಕ್ಷೆಗೆ ನಿಂತ ಕಳ್ಳರ ಹಾಗೆ ನಿಂತಿದ್ದೆವು.

"ಎಷ್ಟು ಕಷ್ಟಪಟ್ಟಿದೀರಿ ಅಂಕಲ್" ಎಂದಳು. "ಕಣ್ಣು ಕೂಡ ಹಾಗೇ ಇಟ್ಟಿದೀರಿ."

ಇವರು ಗೋಡೆಗೆ ಕೈಯಾನಿಸಿದರು.

"ನಮ್ಮನೆಯವರ ಫೋನು, ಭೀಮೇಶ್‌ದು, ನನ್ನ ಹತ್ರಾನೇ ಇದೆ. ನಿಮ್ಮ ಗ್ರೂಪಿಂದ ಅವರ ನಂಬರ್ ತೆಗೆಯಕ್ಕೆ ನಂಗೆ ಮನಸ್ಸು ಬರಲಿಲ್ಲ." ಅವಳ ದನಿ ಏರಲಿಲ್ಲ. "ಫೋಟೋ ನೋಡೇ ಸೋಮವಾರ ನಿಮಗೆ ಫೋನ್ ಮಾಡಿದ್ದು ಆಂಟಿ. ಕೇಳೋಣ ಅಂತಾನೇ ಮಾಡ್ದೆ. ನೀವು ಭದ್ರವಾಗಿದೆ ಅಂದ್ರಿ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಜ್ಮತ್ ಎರಡೂ ಕೈ ಜೋಡಿಸಿದರು. "ತಪ್ಪಾಯ್ತಮ್ಮಾ" ಅನ್ನುತ್ತಾ ಅತ್ತುಬಿಟ್ಟರು. ಇಷ್ಟು ವರ್ಷದಲ್ಲಿ ಅವರು ಅಳುವುದನ್ನು ನಾನು ನೋಡಿದ್ದು ಅವರ ಅಮ್ಮ ತೀರಿಕೊಂಡಾಗ ಮಾತ್ರ.

"ಜಗಳಕ್ಕೆ ಬಂದಿಲ್ಲ ಅಂಕಲ್. ಒಂದು ಕೇಳ್ಬೇಕಿತ್ತು." ಹಂಸ ಬೊಂಬೆಯನ್ನು ಮೇಜಿನ ಮೇಲಿಟ್ಟಳು. "ತೆಗೆದ ಬಣ್ಣ ಎಲ್ಲಿದೆ?"

ಅದನ್ನು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ನಮಗೆ ಅದು ಕೊಳೆ. ಡೆಟಾಲನ್ನು ಸಿಂಕಿಗೆ ಸುರಿದವಳು ನಾನೇ, ಮೇಲೆ ಎರಡು ಬಕೆಟ್ ನೀರು ಬೇರೆ ಬಿಟ್ಟಿದ್ದೆ. ಇವರು ತೊದಲುತ್ತಾ, "ಬಟ್ಟೆ... ಒರೆಸಿದ ಬಟ್ಟೆ" ಎಂದರು.

ಹಿತ್ತಲ ಬಾಲ್ಕನಿಗೆ ಓಡಿದೆ. ಒಣಕಸದ ಗಾಡಿ ಇನ್ನೂ ಬಂದಿರಲಿಲ್ಲ. ಚೀಲವನ್ನು ನೆಲಕ್ಕೆ ಮಗುಚಿ, ಹಾಲಿನ ಪ್ಯಾಕೆಟ್ಟು, ಔಷಧದ ಡಬ್ಬಿಗಳ ನಡುವೆ ಮಂಡಿಯೂರಿ ಹುಡುಕಿದೆ. ಹಳೇ ದಿಂಬಿನ ಚೀಲದ ಒಂದು ತುಂಡು ಮುದ್ದೆಯಾಗಿ ಸಿಕ್ಕಿತು. ಬಿಡಿಸಿದರೆ ನಡುವೆ ಅಂಗೈಯಗಲ ಕಿತ್ತಳೆ ಕಲೆ, ಒಣಗಿ ಗಟ್ಟಿಯಾಗಿತ್ತು.

ಹಂಸ ಅದನ್ನು ತೊಡೆಯ ಮೇಲೆ ಹರಡಿಕೊಂಡು, ಕಲೆಯ ಮೇಲೆ ಬೆರಳಾಡಿಸಿದಳು. ಅಲ್ಲಿಯವರೆಗೆ ಕಲ್ಲಿನಂತಿದ್ದವಳು ಆಗ ಅತ್ತಳು. ನಾನು ಹತ್ತಿರ ಹೋಗಿ ಕೂತೆ, ಮುಟ್ಟಲು ಧೈರ್ಯವಾಗಲಿಲ್ಲ.

ಆಮೇಲೆ ಮುಖ ಒರೆಸಿಕೊಂಡು ಎದ್ದಳು. ಮಂತ್ರವಾದಿಯನ್ನು ಕರ್ಚೀಫಿನಲ್ಲಿ ಸುತ್ತಿದಳು.

"ಇದು ಕಾವೇರಿಗೆ. ಅವಳಿಗೆ ಗೊತ್ತಾಗೋದು ಬೇಡ."

ಬಟ್ಟೆಯ ತುಂಡನ್ನು ಕಲೆ ಒಳಗೆ ಬರುವ ಹಾಗೆ ಮಡಿಸಿ, ಬ್ಯಾಗಿನ ಒಳಜೇಬಿಗಿಟ್ಟು ಜಿಪ್ ಎಳೆದಳು.

"ಇದು ನನಗೆ" ಎಂದಳು.