ದೇವರ ಕೋಣೆಯ ಕೆಂಪು ಚಪ್ಪಲಿ

ಸರಕ್ ಸರಕ್ ಎಂದು ಟೈಲಿನ ಮೇಲೆ ಸಣ್ಣ ಸದ್ದು, ಮೊಮ್ಮಗಳು ದಿಯಾ ಎದ್ದಳು, ಅವಳ ಕೆಂಪು ಚಪ್ಪಲಿಯ ಸದ್ದು ಅದು, ದೇವರ ಕೋಣೆಯಲ್ಲಿ ಕೂತ ಭಾನುಮತಿಯ ಕೈಯಲ್ಲಿ ಬತ್ತಿ ಅರ್ಧ ಹೊಸೆದು ನಿಂತಿತು — ಬರಿಗಾಲಿನ ಸದ್ದೇ ಬೇರೆ, ಹೋದ ಯುಗಾದಿಯವರೆಗೂ ಅಮೆರಿಕದ ಪ್ಲೇನೋ ಊರಿನ ಈ ಮನೆಯ ತುಂಬ ಪಟಪಟ ಪಟಪಟ, ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ, ಓಡಬೇಡವೇ ಜಾರ್ತೀಯ ಅಂದರೆ ಇನ್ನೂ ಜೋರು, ಈಗ ಓಡೇ ತಾಯಿ ಓಡು ಅನ್ನಬೇಕೆನಿಸುತ್ತದೆ, ಯಾರಿಗೆ ಅನ್ನುವುದು, ಕಾಲ್ಬೆರಳೆಲ್ಲ ಊದಿ ನೇರಳೆ ಹಣ್ಣು, ತಣ್ಣನೆಯ ನೆಲ ತಾಗಿದರೆ ಅಳು, ಮನೆಯೊಳಗೂ ಕಾಲು ಬೆಚ್ಚಗಿರಲಿ ಎಂದರು ಹೂಸ್ಟನ್ನಿನ ಡಾಕ್ಟರು, ಹಾಗೆ ಬಂತು ಉಣ್ಣೆಯ ಕೆಂಪು ಚಪ್ಪಲಿ, ಚಪ್ಪಲಿಯೆಲ್ಲ ಗರಾಜಿನಲ್ಲೇ ಬಿಡುವ ಮನೆಯೊಳಕ್ಕೆ. ಹೂಸ್ಟನ್ನಿನಿಂದ ವಾಪಸು ಬರುವಾಗ ಡ್ರೈವ್ ಮಾಡುತ್ತಲೇ ಮಗಳು ಶ್ರಾವಣಿ ಕಾಯಿಲೆ ಏನೆಂದು ಬಿಡಿಸಿ ಹೇಳಿದಳು, ಅಮ್ಮಾ ಗರಾಜಲ್ಲಿ ಚಪ್ಪಲಿ ಕಂಡ್ರೆ ಏನಾದ್ರೂ ಅಂತೀಯಾ, ಇಲ್ಲಪ್ಪ, ದೇವರ ಕೋಣೇಲಿ ಕಂಡ್ರೆ, ಕೂಗ್ತೀನಿ, ಯಾರದ್ದು ಅಂತ ನೋಡಿ ಕೂಗ್ತೀಯಾ, ನೋಡೋದೇನು ಬಂತು, ಮೊದಲು ಕೂಗೋದು — ಹಾಗೇ ಅಮ್ಮ, ಜೀವಕೋಶದ ಡಿಎನ್‌ಎ ಇರಬೇಕಾದ್ದು ನಡುಕೋಣೇಲಿ, ಅದರಾಚೆ ಕಂಡ್ರೆ ವೈರಸ್ಸಿಂದೇ ಇರಬೇಕು ಅಂತ ಅಲ್ಲೊಬ್ಬ ಕಾವಲುಗಾರ ಕೂಗ್ತಾನೆ, ಊತ, ಜ್ವರ ಎಲ್ಲಾ ಆ ಕೂಗಿಗೇ ಬರೋದು, ನಮ್ಮದೇ ಚೂರುಪಾರು ಆಚೆ ಬಿದ್ದಿದ್ರೆ ಗುಡಿಸೋಕೆ ಇನ್ನೊಬ್ಬ ಇರ್ತಾನೆ, ದಿಯಾಗೆ ಹುಟ್ಟಿನಿಂದ ಅವನೇ ಸರಿಯಿಲ್ಲ. ಹಂಗಾದ್ರೆ ಮಗು ಮೈ ಮಗೂನೇ ಕಳ್ಳಿ ಅಂದ್ಕೊಂಡಿದೆಯೇನೇ, ಎಂದು ಭಾನುಮತಿ ಕೇಳಿದ್ದಕ್ಕೆ ಶ್ರಾವಣಿ ಲೇನ್ ಬದಲಿಸಿದಳು. ಹೊಸ ಮಾತ್ರೆ ಕಾವಲುಗಾರನ ಬಾಯಿ ಮುಚ್ಚಿಸುವುದಿಲ್ಲವಂತೆ, ಕೇಳುವವರ ಕಿವಿಗೆ ಹತ್ತಿ ಇಡುತ್ತದಂತೆ, ಹಿಡಿಸಿದರೆ ಬೇಸಿಗೆಗೆ ಬರಿಗಾಲಲ್ಲಿ ನಡೆದಾಳು, ಹಿಡಿಸಿದರೆ, ದೇವರೇ ಒಂದೇ ಒಂದು ಸಲ, ಪಟಪಟ — ಸರಕ್ ಸರಕ್ ಹತ್ತಿರ ಬಂತು, ಹೊಸ್ತಿಲಲ್ಲಿ ಕೆಂಪು ಕಂಡಿತು, ಕೂಗು ಗಂಟಲಿಗೆ ಬಂದೇ ಬಿಟ್ಟಿತು, ನೋಡೋದೇನು ಬಂತು, ಅಷ್ಟರಲ್ಲಿ ದಿಯಾ ತಾನೇ ನಿಂತಳು, ಅಜ್ಜಿ ಕ್ಯಾನ್ ಐ ಕಮ್ ಇನ್, ಎನ್ನುತ್ತಾ ಅಜ್ಜಿ ಕಲಿಸಿದ ಹಾಗೆ ಬಗ್ಗಿ ಒಂದು ಚಪ್ಪಲಿ ಬಿಟ್ಟಳು, ಬರಿಗಾಲನ್ನು ನೆಲಕ್ಕಿಟ್ಟಳು, ಪಟ್ — ಎಷ್ಟು ದಿನದಿಂದ ಕಾದ ಸದ್ದು, ಒಂದೇ, ಅದರ ಹಿಂದೆಯೇ ಮಗು ತುಟಿ ಕಚ್ಚಿಕೊಂಡಿತು, ಬೇಡ ಕಂದ ಬೇಡ, ಹಾಕ್ಕೊಂಡೇ ಬಾ, ವೋಂಟ್ ಗಾಡ್ ಬಿ ಮ್ಯಾಡ್ ಅಜ್ಜಿ, ಅವನಿಗೆ ನಾನು ಹೇಳ್ತೀನಿ ಬಾರೇ, ಮಡಿಯುಟ್ಟ ಭಾನುಮತಿ ಎಡಗೈಯಲ್ಲಿ ಆ ತಣ್ಣಗಿನ ಪಾದ ಹಿಡಿದು ಬಲಗೈಯಲ್ಲಿ ಚಪ್ಪಲಿ ಎತ್ತಿಕೊಂಡಳು, ಒಳಗಿನ ಉಣ್ಣೆ ಇನ್ನೂ ಬೆಚ್ಚಗಿತ್ತು, ತೊಡಿಸಿದಳು, ಸರಕ್, ರಂಗೋಲಿಯ ಮೇಲೆ, ದೀಪದ ಮುಂದೆ, ಸರಕ್, ಕೆಂಪು ಚಪ್ಪಲಿ, ಪುಟ್ಟ ಕೆಂಪು ಚಪ್ಪಲಿ