ಹಗ್ಗಕ್ಕೆ ಸಿಕ್ಕಿಸಿದ ಮನೆ

ಹಗ್ಗ ತೂಗುತ್ತಿದೆ, ಹಗ್ಗಕ್ಕೆ ಸಿಕ್ಕಿಸಿದ ಹಾಳೆಗಳು ಬಿಸಿಗಾಳಿಗೆ ಪಟಪಟ ಬಡಿದುಕೊಳ್ಳುತ್ತಿವೆ, ಒಂದರಲ್ಲಿ ಆಕಳು, ಒಂದರಲ್ಲಿ ಟಾಂಗಾ ನಿಂತ ಬಾಗಿಲು, ಇನ್ನೊಂದರಲ್ಲಿ ಎರಡು ಗುಡ್ಡ, ನಡುವೆ ಕೆಂಪು ಸೂರ್ಯ — ಈ ಪುಣೆಯ ಮಕ್ಕಳಿಗೆಲ್ಲ ಮನೆಯ ಹಿಂದೆ ಗುಡ್ಡ ಇರಲೇಬೇಕು ನೋಡು, ಎಂದು ಒಳಗೇ ನಕ್ಕು, ಸೊಂಟದ ಮೇಲಿನ ಮಗ ಮಲಕ್ಯಾನನ್ನು ಇನ್ನೊಂದು ಮಗ್ಗುಲಿಗೆ ದಾಟಿಸಿಕೊಂಡು ರುದ್ರವ್ವ ಮುಂದಿನ ಹಾಳೆ ನೋಡಿದಳು, ನಗು ಅಲ್ಲೇ ಸತ್ತಿತು. ಇದು ನಮ್ಮ ಮನೆ. ಅಯ್ಯ ಶಿವನೇ, ನಮ್ಮದೇ, ರವಿವಾರ ಪೇಠೆಯ ವಾಡೆಯೊಳಗಿನ ಎರಡು ಕೋಣೆ, ಓರೆಯಾಗಿ ಕೂತ ನೀರಿನ ಹಂಡೆ ಕೂಡ, ಒಲೆಯ ಮುಂದೆ ರೊಟ್ಟಿ ಬಡಿಯುವ ತಾನು, ರುಮಾಲು ಸುತ್ತಿಕೊಂಡು ಬೆಲ್ಲದಂಗಡಿಗೆ ಹೊರಟ ಗಂಡ ಅಪ್ಪಾಸಾಹೇಬ, ನೆಲಕ್ಕೆ ಬಿದ್ದು ಅಳುವ ಮಲಕ್ಯಾ, ಎಷ್ಟು ಚೆಂದ ಬರೆದಾಳ ನನ್ನ ಅಂಬಾ, ಆರು ವರ್ಷದ ಹುಡುಗಿ, ಮತ್ತೆ ಇಲ್ಲಿ ಏಣಿ, ಏಣಿಯ ಮೇಲೆ ಪುಟ್ಟ ಲಂಗದ ಹುಡುಗಿ, ಕೈಯಲ್ಲಿ ತಾಟು, ತಾಟಿನಲ್ಲಿ ರೊಟ್ಟಿ, ಮತ್ತೆ ಮೇಲೆ — ಬ್ಯಾಡ, ಮೇಲೆ ನೋಡಬಾರದು, ನೋಡಿದಳು — ಮೇಲೆ ಅಟ್ಟ, ಅಟ್ಟದ ಮೇಲೆ ಮಂಡಿ ಮಡಚಿ ಕೂತ ಗಂಡಸು, ಗಡ್ಡ, ಎಡಗೈ ಚಾಚಿದ್ದಾನೆ ತಾಟಿಗೆ, ಕೈಗೆ ನಾಲ್ಕೇ ಬೆರಳು. ರುದ್ರವ್ವನ ಕಿವಿಯಲ್ಲಿ ಗುಂಯ್ ಎಂದಿತು. ಮಂಟಪದಲ್ಲಿ ಯಾರೋ ಹಾರ್ಮೋನಿಯಂ ಬಾರಿಸುತ್ತಿದ್ದಾರೆ, ಬೇವಿನ ಮರದ ಕೆಳಗೆ ಕಬ್ಬಿನ ಹಾಲಿನ ಗಾಣದ ಗೆಜ್ಜೆ, ಮಕ್ಕಳ ಕೇಕೆ, ಎಲ್ಲ ದೂರ ಹೋಯಿತು, ಆ ಕೈ ಮಾತ್ರ ಉಳಿಯಿತು.

ಎಂಥಾ ದಡ್ಡಿ ನಾನು, ಯಾಕೆ ಕರಕೊಂಡು ಬಂದೆ ಇಲ್ಲಿಗೆ, ಬೇಸಿಗೆಯ ಕಲಾ ಉತ್ಸವವಂತೆ, ಮಕ್ಕಳಿಗೆ ಚಿತ್ರದ ಪಂದ್ಯವಂತೆ, ಬರಿಯಬೇಕಾದ್ದು ‘ನಮ್ಮ ಮನೆ’ ಅಂತ ಬಾಗಿಲಲ್ಲೇ ಹೇಳಿದರಲ್ಲ, ಆಗಲಾದರೂ ತಲೆಗೆ ಹೋಗಬಾರದಿತ್ತೇ, ಬಣ್ಣದ ಕಡ್ಡಿ ಅಂಬಾಳ ಕೈಗೆ ಕೊಟ್ಟು ತಾನು ಹೋಗಿ ಹಾಡು ಕೇಳುತ್ತ ಕೂತಳು. ಕಳಿಸಿದವನೂ ಅವನೇ, ಅಟ್ಟದ ಮೇಲಿನ ಫಕೀರ್ಯಾ, ತನ್ನ ತಮ್ಮ, ಅಕ್ಕಾ, ಹುಡುಗೀನ ಒಂದೀಟು ಹೊರಗ ಕರಕೊಂಡು ಹೋಗು, ನನ್ನ ಸಲುವಾಗಿ ಅದೂ ಜೇಲಿನ್ಯಾಗ ಇದ್ದಂಗ ಆಗೇದ. ಬ್ರಿಟಿಷರಿಗೆ ಚಲೇಜಾವ್ ಅಂದ ಗದ್ದಲದಾಗ ಧಾರವಾಡದ ಕಡೆ ಟಪಾಲು ಆಫೀಸು ಸುಟ್ಟವನು, ತಂತಿ ಕತ್ತರಿಸುವಾಗ ಕಿರುಬೆರಳು ಕಳಕೊಂಡವನು, ದೀಪಾವಳಿಯ ಸಂಜೆ ಊರೆಲ್ಲ ಪಟಾಕಿ ಹಾರಿಸುವಾಗ ಗಡ್ಡ ಬಿಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತ, ಅಂದು ಅಟ್ಟ ಹತ್ತಿದವನು ಇನ್ನೂ ಇಳಿದಿಲ್ಲ. ಪೊಲೀಸ್ ಚೌಕಿಯ ಗೋಡೆಗೆ ಅವನ ಹೆಸರು ಅಂಟಿಸಿದ್ದಾರೆ, ಅಪ್ಪಾಸಾಹೇಬ ಓದಿಕೊಂಡು ಬಂದು ಉಣ್ಣದೆ ಮಲಗಿದ ಅವತ್ತು — ಎಡಗೈಗೆ ಕಿರುಬೆರಳಿಲ್ಲ ಅಂತ ಬರದಾರ, ರುದ್ರಾ. ಅಂಬಾಳನ್ನು ಮುಂದೆ ಕೂರಿಸಿಕೊಂಡು ಎಷ್ಟು ಹೇಳಿದ್ದಳು, ಮಾಮಾ ಬಂದಾನಂತ ಯಾರ ಮುಂದೂ ಬಾಯಿ ಬಿಡಬ್ಯಾಡವಾ, ಸಾಲ್ಯಾಗ ಬ್ಯಾಡ, ಗೆಳತ್ಯಾರ ಮುಂದ ಬ್ಯಾಡ, ಕೂಸು ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿತು, ಆಣೆ ತಪ್ಪಲೂ ಇಲ್ಲ, ನೆರೆಮನೆಯವರು ಸಕ್ಕರೆ ಕೊಟ್ಟು ಕೇಳಿದರೂ ತುಟಿ ಪಿಟಕ್ ಎನ್ನಲಿಲ್ಲ. ಆದರೆ ಬರಿಯಬ್ಯಾಡ ಅಂತ ಯಾರು ಹೇಳಿದ್ದರು? ಯಾರೂ ಹೇಳಲಿಲ್ಲ, ಯಾರಿಗೆ ಹೊಳೆಯಬೇಕು! ಬರಿಯಲು ಕಲಿಸಿದವನೂ ಅವನೇ, ಅಟ್ಟದ ಮೇಲೆ ಹೊತ್ತು ಹೋಗದೆ ಇದ್ದಿಲಿನಿಂದ ಗೋಡೆಯ ಮೇಲೆ, ಕಂಡದ್ದನ್ನ ಬರಿ ಅಂಬಾ, ಕಾಣದ್ದನ್ನ ಬರಿಬ್ಯಾಡ, ಬರೆದು ಒರೆಸಿ, ಒರೆಸಿ ಬರೆದು. ಮಾಮಾ, ಈ ಬೆರಳ ಎಲ್ಲಿ ಹೋತು? ಬೆಕ್ಕು ಒಯ್ತು. ಮತ್ತ ಯಾವಾಗ ತಂದು ಕೊಡ್ತದ? ಸ್ವರಾಜ್ಯ ಬಂದ ದಿನ. ಆಮೇಲೆ ಆ ಆಟ, ದಿನಾ ಅದೇ ಆಟ, ಅವನು ಎಡಗೈ ಎತ್ತಿ ಹಿಡಿಯಬೇಕು, ಇವಳು ತನ್ನ ಎಡಗೈಯ ಕಿರುಬೆರಳು ಮಡಚಿ ತೋರಿಸಬೇಕು, ಈಗ ನಮ್ಮಿಬ್ಬರದೂ ಒಂದಽ ಥರಾ ಕೈ ಅಂತ ನಗಬೇಕು. ರೊಟ್ಟಿ ಬಡಿಯುತ್ತ ಅದನ್ನು ನೋಡಿ ತಾನೂ ನಕ್ಕಿದ್ದಳು, ಸುಡಲಿ ಆ ನಗು.

ಕೀಳಬೇಕು, ಈಗಲೇ, ಯಾರೂ ನೋಡುವ ಮೊದಲು, ಕೈ ಚಾಚಿದಳು, ಹಾಳೆಯ ತುದಿ ಬೆರಳಿಗೆ ತಾಕಿತು, ಅಷ್ಟರಲ್ಲಿ ಹಿಂದಿನಿಂದ ಮರಾಠಿಯಲ್ಲಿ, ಅಹೋ ಬಾಯಿ, ಮುಟ್ಟಬೇಡಿ, ಇದಕ್ಕೇ ಪಹಿಲಾ ನಂಬರು — ಪಂದ್ಯ ನಡೆಸುವ ಸಾಲಿಯ ಹೆಡ್‌ಬಾಯಿ, ಬಿಳಿ ನೌವಾರಿ ಸೀರೆ, ಕೈಯಲ್ಲಿ ಕೆಂಪು ರಿಬ್ಬನ್ನಿನ ಹೂವು, ತಂದು ಸಿಕ್ಕಿಸಿಯೇ ಬಿಟ್ಟಳು, ಅದೂ ಅಟ್ಟದ ಪಕ್ಕಕ್ಕೇ. ನಮ್ಮನಿ ಹುಡುಗೀದು ಬಾಯಿ, ಮನೀಗೆ ಒಯ್ತೇನ್ರಿ, ಅಯ್ಯೋ ಮರಾಠಿಯಲ್ಲಿ ಹೇಳಬೇಕು, ನಾಲಿಗೆಯೇ ಹೊರಳುತ್ತಿಲ್ಲ. ಹೆಡ್‌ಬಾಯಿ ಬಗ್ಗಿ ಪಕ್ಕದಲ್ಲೇ ನಿಂತಿದ್ದ ಅಂಬಾಳ ಗಲ್ಲ ಹಿಡಿದು ಕೇಳಿದಳು, ಹಾ ಕೋಣ ಬಾಳ, ಮೇಲೆ ಕೂತವನು ಯಾರು ಮಗೂ? ಅಂಬಾ ಎರಡೂ ತುಟಿ ಒಳಗೆಳೆದುಕೊಂಡು ಅವ್ವನ ಸೆರಗಿನ ಹಿಂದೆ ಸರಿದಳು. ಅವಳ ಅಜ್ಜ, ಎಂದಳು ರುದ್ರವ್ವ, ಬಾಯಿಗೆ ಬಂದದ್ದು ಅದೇ, ತೀರಿಕೊಂಡು ಬಹಳ ವರ್ಷವಾಯಿತು, ಹುಡುಗಿಗೆ ಕನಸಿನಲ್ಲಿ ಬರುತ್ತಾನೆ. ಅಗೋ, ಎಂದು ಹೆಡ್‌ಬಾಯಿ ಬಿದ್ದು ಬಿದ್ದು ನಕ್ಕಳು, ಸತ್ತ ಅಜ್ಜನಿಗೆ ದಿನಾ ರೊಟ್ಟಿ ಒಯ್ಯುತ್ತಾಳೆಯೇ ನಿಮ್ಮ ಹುಡುಗಿ, ಸುತ್ತ ನಿಂತವರೂ ನಕ್ಕರು, ನಗು ಮರದ ಕೆಳಗಿನವರೆಗೂ ಹೋಯಿತು — ಯಾಕಾದರೂ ಸುಳ್ಳು ಹೇಳಿದೆನೋ, ಸುಮ್ಮನಿದ್ದಿದ್ದರೆ ಯಾರು ತಿರುಗಿ ನೋಡುತ್ತಿದ್ದರು — ಕಬ್ಬಿನ ಹಾಲು ಕುಡಿಯುತ್ತಿದ್ದವನೊಬ್ಬ ಲೋಟ ಇಟ್ಟು ಎದ್ದ, ಏನು ನಗು ಎಂದು ನೋಡಲು ಬಂದ, ಧೋತರ, ಕರಿ ಟೊಪ್ಪಿಗೆ, ಕಾಲಲ್ಲಿ ಪೊಲೀಸರ ಬೂಟು. ಮನೆಗೆ ಓಡಬೇಕು, ಫಕೀರ್ಯಾನನ್ನು ಇಳಿಸಬೇಕು, ಹಿತ್ತಿಲ ಬಾಗಿಲಿಂದ, ಎಲ್ಲಿಗೆ, ಹಾಡಹಗಲಲ್ಲಿ, ಮಲಕ್ಯಾ ಸೊಂಟದಿಂದ ಜಾರುತ್ತಿದ್ದಾನೆ, ಅಂಬಾ ಸೆರಗು ಜಗ್ಗುತ್ತಿದ್ದಾಳೆ, ಅವ್ವಾ, ಸಿಟ್ಟಾದಿ ಏನು, ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲವ್ವ, ಲಿಂಗದಾಣಿ. ಇಲ್ಲ ನನ್ನವ್ವ, ನೀ ಬಿಟ್ಟಿಲ್ಲ. ಬೂಟಿನವನು ಹಾಳೆಯ ಮುಂದೆ ನಿಂತ. ಒಲೆ ನೋಡಿದ, ಹಂಡೆ ನೋಡಿದ, ನಗುತ್ತಲೇ ಇದ್ದ, ಏಣಿ ಹತ್ತಿದ ಹಾಗೆ ಅವನ ಕಣ್ಣು ಮೇಲೆ ಹೋಯಿತು, ನಿಂತಿತು. ನಗು ನಿಂತಿತು. ನಿಧಾನಕ್ಕೆ ತನ್ನ ಎಡಗೈ ಎತ್ತಿ, ಚಿತ್ರವನ್ನೊಮ್ಮೆ ಕೈಯನ್ನೊಮ್ಮೆ ನೋಡಿ, ಕಿರುಬೆರಳು ಮಡಚಿದ. ಮಡಚಿ ಹಾಗೇ ಹಿಡಿದುಕೊಂಡು ತಿರುಗಿದ, ಇವರ ಕಡೆಗೇ ತಿರುಗಿದ, ಮತ್ತು ಸೆರಗಿನ ಹಿಂದಿನಿಂದ ಅಂಬಾ ಇಣುಕಿದಳು, ಮಾಮಾನ ಆಟ ಇವನಿಗೂ ಗೊತ್ತಲ್ಲ ಎಂದು ಮುಖ ಅರಳಿಸಿದಳು, ಬಾಯಿ ಬಿಡಲಿಲ್ಲ, ಒಂದು ಮಾತೂ ಆಡಲಿಲ್ಲ, ತನ್ನ ಎಡಗೈ ಎತ್ತಿ ಅವನ ಎದುರು ಹಿಡಿದಳು, ಕಿರುಬೆರಳು ಮಡಚಿ, ಬಣ್ಣ ಮೆತ್ತಿದ ಪುಟ್ಟ ಕಿರುಬೆರಳು, ಮಡಚಿ —